ಪರದೇಶದಲ್ಲಿ ಪಂಚೆ ಉಟ್ಟವನ ಹಬ್ಬಗಳು

ಎಲ್ಲರ ಮನೆಗೂ ಹಬ್ಬ ಬರುತ್ತದೆ, ಊಟ ಹಾಕಿಸುತ್ತದೆ, ಹೋಗುತ್ತದೆ. ನಮ್ಮ ಮನೆಗೆ ಬಂದ ಹಬ್ಬ ಮಾತ್ರ ಏನಾದರೂ ಒಂದು ಎಡವಟ್ಟು ಮಾಡಿಸದೆ ಹೊಸಿಲು ದಾಟಿದ್ದೇ ಇಲ್ಲ. ಅದರಲ್ಲೂ ನಾವು ಐರ್ಲೆಂಡಿಗೆ ಬಂದ ಮೇಲಂತೂ ಕೇಳಲೇಬೇಡಿ.

ನಾನು ನಂಜನಗೂಡಿನವನು. ಅಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದೆ. ಹೆಂಡತಿ ತಿ. ನರಸೀಪುರದವಳು, ನರ್ಸು. ನಂಜನಗೂಡಿನಿಂದ ಜೋರಾಗಿ ಹೊರಟ ಕಪಿಲೆ ನರಸೀಪುರಕ್ಕೆ ಹೋಗಿ ಕಾವೇರಿಗೆ ಸೇರಿದ ಮೇಲೆ ಅವಳ ಹೆಸರನ್ನೇ ಯಾರೂ ಹೇಳುವುದಿಲ್ಲ. ನನ್ನ ಮದುವೆಯೂ ಹಾಗೇ ಆಯಿತು ಅನ್ನಿ. ಹೆಂಡತಿಗೆ ಐರ್ಲೆಂಡಿನ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿತು. ಅವಳ ವೀಸಾದ ಬಾಲ ಹಿಡಿದುಕೊಂಡು ನಾನೂ, ನನ್ನ ಸೊಂಟದ ಮೇಲೆ ಎರಡು ವರ್ಷದ ಮಗಳೂ ವಿಮಾನ ಹತ್ತಿದೆವು.

ನಂಜನಗೂಡಿನಲ್ಲಿದ್ದಾಗ ಹಬ್ಬದಲ್ಲಿ ನನ್ನ ಪಾತ್ರ ತುಂಬ ಸುಲಭವಿತ್ತು. ಎಲೆ ಹಾಕಿದಾಗ ಬಂದು ಕೂರುವುದು, ಎಲೆ ಎತ್ತುವ ಮೊದಲು ಏಳುವುದು. ಇಲ್ಲಿ ಹೆಂಡತಿಗೆ ಡ್ಯೂಟಿ, ನನಗೆ ಮನೆ. ಹೀಗಾಗಿ ತೋರಣ ಕಟ್ಟುವುದರಿಂದ ಹಿಡಿದು ಒಬ್ಬಟ್ಟು ತಟ್ಟುವ ತನಕ ಎಲ್ಲ ನನ್ನ ತಲೆಗೇ ಬಂತು. ಫೋನಿನಲ್ಲಿ ಇಬ್ಬರು ಮೇಲಧಿಕಾರಿಗಳು: ನಂಜನಗೂಡಿನಿಂದ ನಮ್ಮಮ್ಮ, ನರಸೀಪುರದಿಂದ ನಮ್ಮತ್ತೆ. ಅತ್ತೆಯವರು ಸ್ಕೂಲ್ ಮೇಡಂ ಆಗಿ ರಿಟೈರ್ ಆದವರು. ಅಮ್ಮ ಹಳ್ಳಿಯಿಂದ ಬಂದ ಗಟ್ಟಿ ಮುದ್ದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಯಾವತ್ತೂ ಒಪ್ಪಿದ್ದಿಲ್ಲ. ಮಧ್ಯದಲ್ಲಿ ಸೌಟು ಹಿಡಿದು ನಿಂತವನು ನಾನು.

ಬೇವು

ಮೊದಲ ಯುಗಾದಿಗೆ ಬೇವಿನ ಸೊಪ್ಪೇ ಇಲ್ಲ. ಮಾರ್ಚ್ ತಿಂಗಳ ಐರ್ಲೆಂಡಿನಲ್ಲಿ ಬೇವಿರಲಿ, ಎಷ್ಟೋ ಮರಗಳಿಗೆ ಒಂದು ಎಲೆಯೂ ಇರುವುದಿಲ್ಲ.

"ಏನೂ ಇಲ್ದಿದ್ರೆ ಒಂದಿಷ್ಟು ಮೆಂತ್ಯ ಹಾಕಿ ಅಳಿಯಂದ್ರೇ, ಕಹಿ ಬಂದ್ರೆ ಆಯ್ತು" ಅಂದರು ಅತ್ತೆ.

ಅಮ್ಮ ಕೇಳಿ ಕೆಂಡವಾದರು. "ಮೆಂತ್ಯನಾ? ಅಬ್ಬ ಮಾಡ್ತಿದ್ದೀಯೋ, ಬಾಣಂತಿಗೆ ಲೇಹ್ಯ ಮಾಡ್ತಿದ್ದೀಯೋ? ಬೇವೇ ಆಗ್ಬೇಕು ಕಣ್ಲಾ."

ಕೊನೆಗೆ ಗಿಡಮೂಲಿಕೆ ಅಂಗಡಿಯೊಂದರಲ್ಲಿ ಬೇವಿನ ಕ್ಯಾಪ್ಸೂಲ್ ಸಿಕ್ಕಿತು. ಮನೆಗೆ ತಂದು ಒಂದೊಂದೇ ಬಿಚ್ಚಿ ಬೆಲ್ಲದ ಪುಡಿಗೆ ಸುರಿದೆ. ಎಷ್ಟು ಹಾಕಬೇಕು ಅನ್ನುವುದು ಯಾವ ಅಮ್ಮನಿಗೂ ಗೊತ್ತಿರಲಿಲ್ಲ. ಬಣ್ಣ ಹಸಿರಾಗುವ ತನಕ ಹಾಕೋಣ ಅಂತ ಅರ್ಧ ಡಬ್ಬಿ ಖಾಲಿ ಮಾಡಿದೆ. ಅದು ಹಸಿರಾಗಲೇ ಇಲ್ಲ, ಸೆಗಣಿ ಬಣ್ಣಕ್ಕೆ ಬಂತು.

ದೇವರಿಗೆ ಇಟ್ಟು, ಮೂವರೂ ಒಂದೊಂದು ಚಮಚ ಬಾಯಿಗೆ ಹಾಕಿಕೊಂಡೆವು. ಹೆಂಡತಿ ಸಿಂಕಿನ ಕಡೆ ಓಡಿದಳು. ನಾನು ಮನೆಯ ಯಜಮಾನ, ಓಡಿದರೆ ಮರ್ಯಾದೆ ಅಲ್ಲ ಅಂತ ನುಂಗಿದೆ. ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅಮ್ಮನ ವಿಡಿಯೋ ಕಾಲ್. ನಾಲಿಗೆ ದಪ್ಪಗಾಗಿ ಮಾತೇ ಹೊರಡುತ್ತಿಲ್ಲ. ನಾನು ಬರೀ ಕೈ ಮುಗಿದೆ. "ಪಾಪ, ಅಬ್ಬದ ದಿನ ಊರು ನೆಪ್ಪಾಗಿ ಮಗ ಅಳ್ತಾವ್ನೆ" ಅಂತ ಅಮ್ಮನೂ ಆ ಕಡೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಆಮೇಲಿನ ಯುಗಾದಿಗಳಲ್ಲೂ ನನ್ನ ಅಳತೆ ಸುಧಾರಿಸಲಿಲ್ಲ. ಮಗಳಿಗೆ ಸ್ವಲ್ಪ ತಿಳುವಳಿಕೆ ಬಂದ ಮೇಲೆ ಒಂದು ವರ್ಷ ಕೂರಿಸಿಕೊಂಡು ಅರ್ಥ ಹೇಳಿದೆ. "ನೋಡು ಪುಟ್ಟಿ, ಬೇವು ಅಂದ್ರೆ ಕಷ್ಟ, ಬೆಲ್ಲ ಅಂದ್ರೆ ಸುಖ. ಜೀವನದಲ್ಲಿ ಎರಡೂ ಬರುತ್ತೆ."

ಅವಳು ಚಮಚ ನೆಕ್ಕಿ, ಮುಖ ಕಿವುಚಿ, ತುಂಬ ಗಂಭೀರವಾಗಿ ಕೇಳಿದಳು: "ಬೆಲ್ಲ ಯಾವ ವರ್ಷ ಬರುತ್ತೆ ಅಪ್ಪಾ?"

ತಾತನ ಎಡೆ

ಪಿತೃಪಕ್ಷದಲ್ಲಿ ನಮ್ಮ ಕಡೆ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಎಲೆಗೆ ಬಡಿಸಿ, ಒಂದು ಪಾಲನ್ನು ಮಾಳಿಗೆ ಮೇಲೆ ಕಾಗೆಗೆ ಇಡುವುದು. ಕಾಗೆ ಮುಟ್ಟಿದರೆ ಹಿರಿಯರು ಉಂಡರು ಅಂತ ಲೆಕ್ಕ.

ನಮ್ಮ ತಾತನಿಗೆ ರಾಗಿಮುದ್ದೆ, ಮಟನ್ ಸಾರು ಅಂದರೆ ಪ್ರಾಣ. ರಾಗಿ ಹಿಟ್ಟನ್ನು ಪಕ್ಕದ ದೊಡ್ಡ ಊರಿನಿಂದ ತರಿಸಿ, ಮುದ್ದೆ ಕಟ್ಟಿ, ಸಾರು ಮಾಡಿ, ತಟ್ಟೆ ಹಿಡಿದುಕೊಂಡು ಏಣಿ ಹಾಕಿ ಮನೆ ಹಿಂದಿನ ಶೆಡ್ಡಿನ ಚಾವಣಿ ಹತ್ತಿದೆ. ಇಲ್ಲಿ ಕಾಗೆ ಇಲ್ಲ ಅಂತಲ್ಲ. ಇವೆ. ಆದರೆ ನಾನು "ಕಾ ಕಾ" ಅಂದದ್ದು ಅವಕ್ಕೆ ತಿಳಿಯಲಿಲ್ಲ. ಕನ್ನಡದ ಕಾ ಬೇರೆಯೇ ಇರಬೇಕು.

ಪಕ್ಕದ ಮನೆಯ ಅಜ್ಜಿ ಬೇಲಿಯ ಮೇಲಿಂದ ಇಣುಕಿದಳು. "ಅಲ್ಲೇನು ಮಾಡ್ತಿದ್ದೀರಿ?"

ಪಿತೃಪಕ್ಷವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ನಮ್ಮ ತಾತನಿಗೆ ಊಟ ಕೊಡ್ತಿದ್ದೀನಿ."

ಅಜ್ಜಿ ಚಾವಣಿಯನ್ನೆಲ್ಲ ಹುಡುಕಿ ನೋಡಿದಳು. ಆಮೇಲೆ ಮೆಲ್ಲಗೆ, "ಈ ಚಳಿಯಲ್ಲಿ ಅವರನ್ನು ಯಾಕಪ್ಪ ಅಲ್ಲಿ ಇಟ್ಟಿದ್ದೀಯ? ಒಳಗೆ ಕರ್ಕೊಂಡು ಹೋಗು" ಅಂದಳು.

ನಾನು ತಟ್ಟೆ ಇಡಲು ಬಗ್ಗಿದಾಗಲೇ ಕೋಳಿಯಷ್ಟು ದಪ್ಪದ ಒಂದು ಕಡಲಕಾಗೆ ಧುಮುಕಿತು. ಇಲ್ಲಿ ಸಮುದ್ರ ಹತ್ತಿರ, ಅವುಗಳದ್ದೇ ದರಬಾರು. ಮಟನ್ ತುಂಡನ್ನು ಕಚ್ಚಿಕೊಂಡು, ರೆಕ್ಕೆಯಲ್ಲಿ ನನ್ನ ಕೆನ್ನೆಗೆ ಒಂದು ಬಾರಿಸಿ ಹಾರಿಯೇ ಹೋಯಿತು. ನಾನು ಏಣಿಯ ಅರ್ಧ ಮೆಟ್ಟಿಲುಗಳನ್ನು ಮುಟ್ಟದೆಯೇ ಕೆಳಗೆ ಬಂದೆ.

ಕೂಡಲೇ ನಂಜನಗೂಡಿಗೆ ಫೋನು.

"ಕಾಗೆ ಮುಟ್ತಾ ಮಗ?"

"ಮುಟ್ಟಿತಮ್ಮ. ಬೆಳ್ಳಗೆ, ದೊಡ್ಡದಾಗಿ ಇತ್ತು."

"ಬಿಳೀ ಕಾಗೆನಾ?" ಅಮ್ಮನಿಗೆ ಅನುಮಾನ.

"ಕಡಲಕಾಗೆ ಅಂತಾರಮ್ಮ. ಹೆಸರಲ್ಲೇ ಕಾಗೆ ಇದೆಯಲ್ಲ, ನಡೆಯುತ್ತೆ."

"ಸರಿ, ಏನೇನು ತಿಂತು?"

"ಮಟನ್ ತಗೊಂಡು ಹೋಯ್ತು. ಮುದ್ದೆ ಮುಟ್ಟಲಿಲ್ಲ."

ಅಮ್ಮ ಅಲ್ಲೇ ತೀರ್ಪು ಕೊಟ್ಟರು. "ಮುದ್ದೆ ಮುಟ್ನಿಲ್ವಾ? ಅಂಗಾರೆ ಅದು ನಿಮ್ಮ ತಾತ ಅಲ್ಲ ಕಣ್ಲಾ. ನಿನ್ನ ಎಂಡ್ತಿ ಕಡೆಯೋರು ಯಾರೋ ಬಂದು ಉಂಡ್ಕೊಂಡು ಓಗವ್ರೆ."

ಆಯುಧಪೂಜೆಯ ದಿನ ಡ್ರೈವಿಂಗ್ ಟೆಸ್ಟು

ಎಷ್ಟೋ ತಿಂಗಳು ಕಾದ ಮೇಲೆ ನನಗೆ ಡ್ರೈವಿಂಗ್ ಟೆಸ್ಟಿಗೆ ದಿನ ಸಿಕ್ಕಿತು. ನೋಡಿದರೆ ಅದು ಆಯುಧಪೂಜೆಯ ದಿನ. ಇಷ್ಟು ಒಳ್ಳೆಯ ಮುಹೂರ್ತದಲ್ಲಿ ಫೇಲಾಗುವವರು ಉಂಟೇ? ಅದೂ ಅಲ್ಲದೆ ನಾನು ನಂಜನಗೂಡಿನ ಬಜಾರಿನಲ್ಲಿ ಎಮ್ಮೆ, ಆಟೋ, ಬಾಳೆಹಣ್ಣಿನ ಗಾಡಿ ಎಲ್ಲದರ ಸಂದಿಯಲ್ಲಿ ಸ್ಕೂಟರ್ ತೂರಿಸಿದವನು. ಈ ಊರಿನ ಖಾಲಿ ರಸ್ತೆ ಯಾವ ಲೆಕ್ಕ?

ಅತ್ತೆ ಮಾತ್ರ ಫೋನಿನಲ್ಲಿ ಎಚ್ಚರಿಸಿದರು. "ಧೈರ್ಯ ಇರ್ಲಿ ಅಳಿಯಂದ್ರೇ, ಆದ್ರೆ ಪೂಜೆನೂ ಇರ್ಲಿ. ಟೆಸ್ಟಿಗೆ ಹೊರಡೋ ಜಾಗದಲ್ಲೇ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿಬಿಡಿ."

ಹೆಂಡತಿಯದೇ ಕಾರು. ಟೆಸ್ಟ್ ನಡೆಯುವ ಕಚೇರಿಯ ಅಂಗಳದಲ್ಲಿ ನಿಲ್ಲಿಸಿ, ಬಾನೆಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. "ರೀ, ಯಾರಾದ್ರೂ ನೋಡ್ತಾರೆ, ಬೇಗ ಮುಗಿಸಿ" ಅಂತ ಹೆಂಡತಿ ಕೊಡೆಯಿಂದ ಮುಖ ಮರೆಮಾಡಿಕೊಂಡು ದೂರ ನಿಂತಿದ್ದಳು.

ಪರೀಕ್ಷೆ ಮಾಡುವವನು ಬಂದ. ತೆಳ್ಳಗೆ, ಎತ್ತರಕ್ಕೆ ಇದ್ದ, ನಗದ ಮುಖ. ಕಾರನ್ನು ಒಂದು ಸುತ್ತು ಬಂದು, ಟೈರ್ ನೋಡಲು ಬಗ್ಗಿದವನು ಹಾಗೇ ನಿಂತ.

"ಇದೇನು?"

"ನಿಂಬೆಹಣ್ಣು ಸಾರ್."

"ಅದು ಗೊತ್ತಾಯಿತು. ಇಲ್ಲಿ ಯಾಕಿದೆ?"

"ಇವತ್ತು ನಮ್ಮ ಹಬ್ಬ. ವಾಹನಕ್ಕೆ ಪೂಜೆ. ಇದರ ಮೇಲೆ ಹತ್ತಿಸಿದರೆ ಯಾವ ಅಪಘಾತವೂ ಆಗುವುದಿಲ್ಲ" ಅಂದೆ, ತುಂಬ ಭರವಸೆಯಿಂದ.

ಅವನು ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡ. ಎರಡು ಸಲ ಎಳೆದು ನೋಡಿಕೊಂಡ. ನಾನು ಕಾರು ಬಿಟ್ಟೆ. ಪಚಕ್, ಪಚಕ್ ಅಂತ ಸದ್ದು. ಮೂರು ಹಣ್ಣು ಅಪ್ಪಚ್ಚಿಯಾದವು, ನಾಲ್ಕನೆಯದು ಸಿಡಿದು ಉರುಳಿಕೊಂಡು ಹೊರಟಿತು. ಅಯ್ಯೋ, ಒಂದು ತಪ್ಪಿತಲ್ಲ! ಮೂರೇ ಚಕ್ರಕ್ಕೆ ರಕ್ಷಣೆ! ನನ್ನ ಕಣ್ಣು ರಸ್ತೆ ಬಿಟ್ಟು ಕನ್ನಡಿಯಲ್ಲಿ ಆ ನಿಂಬೆಹಣ್ಣನ್ನೇ ಹುಡುಕುತ್ತಿತ್ತು. ಗೇಟು ದಾಟಿ ಎಡಕ್ಕೆ ತಿರುಗುವಾಗ ಕಾರು ದಡಕ್ ಅಂತ ಎದ್ದು, ದಡಕ್ ಅಂತ ಇಳಿಯಿತು.

ಟೆಸ್ಟು ಮುಗಿದ ಮೇಲೆ ಅವನು ಫೇಲ್ ಅಂತ ಹೇಳಿದ. ನಾನು ಧರ್ಮಕ್ಕೆ ಅವಮಾನವಾದ ಹಾಗೆ, "ನಿಂಬೆಹಣ್ಣಿಗೋಸ್ಕರ ಫೇಲ್ ಮಾಡಿದಿರಾ?" ಅಂತ ಕೇಳಿದೆ.

ಅವನು ಮೊದಲ ಸಲ ನಕ್ಕ. "ನಿಂಬೆಹಣ್ಣಿನ ಮೇಲೆ ಹತ್ತಿಸಿದ್ದು ನಿಮ್ಮ ಸಂಪ್ರದಾಯ, ಅದಕ್ಕೆ ನಾನು ಏನೂ ಹೇಳುವುದಿಲ್ಲ. ಫುಟ್‌ಪಾತ್ ಮೇಲೆ ಹತ್ತಿಸಿದ್ದು ಯಾವ ಸಂಪ್ರದಾಯ?"

ಟವೆಲ್ ಸೇವೆ

ಇಲ್ಲಿನ ಮನೆಗಳಲ್ಲಿ ಹೊಗೆ ಕಂಡರೆ ಕಿರುಚುವ ಒಂದು ಯಂತ್ರವನ್ನು ಚಾವಣಿಗೆ ಅಂಟಿಸಿರುತ್ತಾರೆ. ನಮ್ಮ ದೇವರ ಗೂಡು ಇರುವುದು ಸರಿಯಾಗಿ ಅದರ ಕೆಳಗೆ, ಬೇರೆ ಜಾಗವಿಲ್ಲ. ಪ್ರತಿ ಹಬ್ಬದಲ್ಲೂ ಇದೇ ಕತೆ. ನಾನು ಊದುಬತ್ತಿ ಹಚ್ಚಿ ಮಂಗಳಾರತಿ ಎತ್ತುತ್ತಿದ್ದಂತೆ ಅದು ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತದೆ. ಹೆಂಡತಿ ಕಿಟಕಿ ತೆಗೆಯುತ್ತಾಳೆ. ನಾನು ಒಂದು ಕೈಯಲ್ಲಿ ಆರತಿ ಹಿಡಿದು, ಕುರ್ಚಿ ಹತ್ತಿ, ಇನ್ನೊಂದು ಕೈಯಲ್ಲಿ ಟವೆಲ್ ಬೀಸುತ್ತೇನೆ. ಕೂಗು ನಿಂತ ಮೇಲೆ ಎಲ್ಲರೂ ಕೈ ಮುಗಿದು ಪ್ರಸಾದ ತಿನ್ನುವುದು.

ಮಗಳಿಗೆ ಏಳು ವರ್ಷವಾದಾಗ ರಜೆ ಹಾಕಿ ಗೌರಿ ಗಣೇಶ ಹಬ್ಬಕ್ಕೆ ಊರಿಗೆ ಬಂದೆವು. ನಂಜನಗೂಡಿನಲ್ಲಿ ಅಮ್ಮ ಇರುವುದು ನನ್ನ ತಮ್ಮನ ಸಂಸಾರದ ಜೊತೆ, ಮನೆ ತುಂಬ ಜನ. ವಿದೇಶದಲ್ಲೂ ಮಗ ಒಂದು ಹಬ್ಬ ಬಿಟ್ಟಿಲ್ಲ ಅಂತ ಅಮ್ಮ ಬೀದಿಗೆಲ್ಲ ಹೇಳಿಕೊಂಡಿದ್ದರು. ಅದನ್ನು ನೋಡಲಿಕ್ಕೇ ಅಂತ ಅಕ್ಕಪಕ್ಕದ ಹೆಂಗಸರೂ ಬಂದು ಕೂತಿದ್ದರು.

ತಮ್ಮ ಗಂಟೆ ಬಾರಿಸುತ್ತ ಮಂಗಳಾರತಿ ಎತ್ತಿದ. ನನ್ನ ಮಗಳು ಚಾವಣಿ ನೋಡಿದಳು. ಏನೂ ಕೂಗಲಿಲ್ಲ. ಅವಳಿಗೆ ಗಾಬರಿ. ಪೂಜೆಯಲ್ಲಿ ಏನೋ ತಪ್ಪಿದೆ! ತಟಕ್ಕನೆ ಒಂದು ಕುರ್ಚಿ ಎಳೆದು ಹತ್ತಿ, ತಮ್ಮನ ಹೆಗಲ ಮೇಲಿದ್ದ ಟವೆಲ್ ಕಿತ್ತುಕೊಂಡು, ತಲೆ ಮೇಲೆ ಗಿರಗಿರ ಬೀಸತೊಡಗಿದಳು. ಜೊತೆಗೆ ಅಧಿಕಾರದ ದನಿಯಲ್ಲಿ ಒಂದು ಕೂಗು: "ಅಮ್ಮಾ, ಕಿಟಕಿ ತೆಗಿ!"

ನನ್ನ ಹೆಂಡತಿ ಅಭ್ಯಾಸಬಲದಿಂದ ಹೋಗಿ ಕಿಟಕಿಯನ್ನೂ ತೆಗೆದಳು.

ಟವೆಲ್ಲಿನ ಗಾಳಿಗೆ ಆರತಿ ಆರಿಹೋಯಿತು. ಹಬ್ಬದ ದಿನ, ಇಷ್ಟು ಜನರ ಮುಂದೆ ದೀಪ ಆರಿದೆ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಗಳ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಅಪ್ಪ ಹೀಗೇ ಮಾಡೋದು" ಅಂದಳು. ಎಲ್ಲರ ಕಣ್ಣೂ ನನ್ನ ಮೇಲೆ ತಿರುಗಿತು.

ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ಮೊಮ್ಮಗಳನ್ನು ಕುರ್ಚಿಯಿಂದ ಇಳಿಸಿ ಎದೆಗೆ ಒತ್ತಿಕೊಂಡು, "ಚಾಮರ ಸೇವೆ ಕಣ್ರವ್ವ ಅದು. ದೇವ್ರಿಗೆ ಗಾಳಿ ಬೀಸಾದು. ನಾವು ಅದ್ನೆಲ್ಲ ಬುಟ್ಬುಟ್ಟೋ, ಇವ್ರು ಅಲ್ಲೂ ಬುಟ್ಟಿಲ್ಲ ನೋಡಿ" ಅಂದರು. ತಮ್ಮನ ಕಡೆ ತಿರುಗಿ, "ಏನ್ಲಾ ನಿಂತ್ಕೊಂಡೆ, ಇನ್ನೊಂದ್ಸಲ ಅಚ್ಚು ಆರ್ತಿಯಾ" ಅಂತ ಗದರಿದರು.

ಹೆಂಗಸರೆಲ್ಲ ಭಕ್ತಿಯಿಂದ ತಲೆಯಾಡಿಸಿದರು. ನಾನೂ ಬದುಕಿಕೊಂಡೆ ಅಂದುಕೊಂಡು ಕಡುಬು ತಿಂದೆ.

ಮಾರನೆ ದಿನ ಬೆಳಗ್ಗೆ ಎದುರು ಮನೆಯಾಕೆ ನನ್ನನ್ನು ಬಾಗಿಲಲ್ಲಿ ತಡೆದು, ದನಿ ತಗ್ಗಿಸಿ ಕೇಳಿದರು. "ಅಣ್ಣ, ಆ ಸೇವೆಗೆ ಬಿಳೀ ಟವೆಲ್ಲೇ ಆಗ್ಬೇಕಾ? ಗೀಟಿಂದೂ ನಡೀತದಾ?"

ಕಿಚ್ಚು

ನಮ್ಮ ಮನೆಯ ಹಿಂದೆಯೇ ಒಬ್ಬ ರೈತನ ಹೊಲ, ಕೊಟ್ಟಿಗೆ ಇವೆ. ಅವನು ಬಾಗಿಲು ತುಂಬುವಂಥ ಆಳು, ಕೆಂಪು ಮುಖ, ಒಳ್ಳೆಯ ಮನಸ್ಸು. ಒಮ್ಮೆ ಬೇಲಿಯ ಹತ್ತಿರ ನಿಂತು ಮಾತಾಡುವಾಗ, ನಂಜನಗೂಡಿನ ಹತ್ತಿರದ ಚಿಕ್ಕಯ್ಯನಛತ್ರದ ಕಡೆ ನಮ್ಮದೂ ಬೇಸಾಯದ ಮನೆತನ, ದನಕರುಗಳ ನಡುವೆಯೇ ಬೆಳೆದವನು ನಾನು ಅಂತ ಕೊಚ್ಚಿಕೊಂಡೆ. ಮನೆತನ ನಿಜ, ದನಕರು ನಿಜ. ಆದರೆ ಕೊಟ್ಟಿಗೆಗೆ ಹೋಗುತ್ತಿದ್ದವನು ನನ್ನ ತಮ್ಮ. ಹಸು ತಲೆ ಅಲ್ಲಾಡಿಸಿದರೆ ನಾನು ಜಗಲಿ ಹತ್ತುತ್ತಿದ್ದೆ.

ಸಂಕ್ರಾಂತಿಗೆ ನಮ್ಮೂರಲ್ಲಿ ದನಗಳಿಗೆ ಸಿಂಗಾರ ಮಾಡಿ, ಹುಲ್ಲಿಗೆ ಬೆಂಕಿ ಹಚ್ಚಿ ಅದರ ಮೇಲೆ ಹಾರಿಸುತ್ತೇವೆ, ಅದನ್ನು ಕಿಚ್ಚು ಹಾಯಿಸುವುದು ಅನ್ನುತ್ತೇವೆ ಅಂತಲೂ ಹೇಳಿದೆ. ಅವನಿಗೆ ಬಹಳ ಖುಷಿಯಾಯಿತು. "ನನ್ನ ಹತ್ತಿರ ಒಂದು ಸಾಧು ಹಸು ಇದೆ. ಈ ಸಲ ಇಲ್ಲೇ ಮಾಡೋಣ. ನೀನು ಇದೀಯಲ್ಲ, ನಿನಗೆ ಗೊತ್ತಲ್ಲ" ಅಂದ.

ಆಗಲೇ ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಮಗಳು ಪಕ್ಕದಲ್ಲೇ ನಿಂತು ನನ್ನನ್ನು ಹೀರೋ ನೋಡುವ ಹಾಗೆ ನೋಡುತ್ತಿದ್ದಳು. "ಅದಕ್ಕೇನಂತೆ" ಅಂದುಬಿಟ್ಟೆ.

ಸಂಕ್ರಾಂತಿಯ ಮಧ್ಯಾಹ್ನ ಪಂಚೆ ಉಟ್ಟು, ಮೇಲೆ ದಪ್ಪ ಜಾಕೆಟ್ ಹಾಕಿ ಹೋದೆ. ರೈತ ಹಸುವನ್ನು ಹೊರಗೆ ತಂದ. ಬೆಳ್ಳಗೆ, ನಮ್ಮೂರಿನ ಎರಡು ಹಸುಗಳನ್ನು ಕೂಡಿಸಿದಷ್ಟು ದಪ್ಪ. ಕೊಂಬಿಗೆ ಬಣ್ಣ ಹಚ್ಚೋಣ ಅಂತ ಡಬ್ಬಿ ತಂದಿದ್ದೆ. ನೋಡಿದರೆ ಕೊಂಬೇ ಇಲ್ಲ. ಇಲ್ಲಿ ಕರುವಾಗಿದ್ದಾಗಲೇ ಕೊಂಬಿನ ಮೊಳಕೆಯನ್ನು ಚಿಗುರದ ಹಾಗೆ ಸುಟ್ಟುಬಿಡುತ್ತಾರಂತೆ. ಕೊಂಬಿಲ್ಲ ಅಂತ ಗೊತ್ತಾದ ಮೇಲೆ ನನಗೂ ಧೈರ್ಯ ಬಂತು. ಬೆನ್ನಿಗೆಲ್ಲ ಅರಿಸಿನ ಬಳಿದೆ. ಆ ಅರಿಸಿನ ತಿಂಗಳುಗಟ್ಟಲೆ ಹೋಗಲಿಲ್ಲ, ಅದು ಬೇರೆ ಮಾತು.

ಚೆಂಡುಹೂವು ಸಿಗದೆ ಮಗಳು ಕೋಸಿನ ಎಲೆ, ಕ್ಯಾರೆಟ್ ಪೋಣಿಸಿ ದೊಡ್ಡ ಹಾರ ಕಟ್ಟಿದ್ದಳು. "ಅಪ್ಪಾ, ನೀನೇ ಹಾಕು" ಅಂತ ನನ್ನ ಕೈಗೆ ಕೊಟ್ಟಳು. ಅಷ್ಟರಲ್ಲಿ ರೈತ ಹುಲ್ಲಿಗೆ ಬೆಂಕಿ ಹಚ್ಚಲು ಹೋದ. ಹುಲ್ಲು ಮಳೆಗೆ ಒದ್ದೆಯಾಗಿ ಹತ್ತಲಿಲ್ಲ. ಅವನು ಅದ್ಯಾವುದೋ ಎಣ್ಣೆ ಸುರಿದ. ಭಗ್ ಅಂತ ಸೊಂಟದೆತ್ತರಕ್ಕೆ ಉರಿ ಎದ್ದಿತು.

ಹಸುವಿಗೆ ಬೆಂಕಿಯ ಮೇಲೆ ಕಿಂಚಿತ್ತೂ ಆಸಕ್ತಿ ಇರಲಿಲ್ಲ. ಅದರ ಕಣ್ಣು ಇದ್ದದ್ದು ಕೋಸಿನ ಮೇಲೆ. ಕೋಸು ಇದ್ದದ್ದು ನನ್ನ ಕೈಯಲ್ಲಿ. ಅದು ಒಂದು ಹೆಜ್ಜೆ ಮುಂದೆ ಬಂತು, ನಾನು ಒಂದು ಹೆಜ್ಜೆ ಹಿಂದೆ ಹೋದೆ. ಅದು ಜೋರು ಮಾಡಿತು, ನಾನೂ ಜೋರು ಮಾಡಿದೆ. "ಹಾರ ಬಿಸಾಕು!" ಅಂತ ರೈತ ಕೂಗುತ್ತಿದ್ದಾನೆ. ಗಾಬರಿಯಲ್ಲಿ ನನಗೆ ಇಂಗ್ಲಿಷೇ ಮರೆತುಹೋಗಿದೆ. ಕೈಯಲ್ಲಿದ್ದ ಹಾರವನ್ನು ಎರಡೂ ಕೈಗಳಿಂದ ಇನ್ನೂ ಗಟ್ಟಿಯಾಗಿ ಅವುಚಿಕೊಂಡು, ಅಂಗಳದ ಸುತ್ತ ಓಡುತ್ತಿದ್ದೇನೆ. ಎಡಕ್ಕೆ ಗೋಡೆ, ಬಲಕ್ಕೆ ಗೊಬ್ಬರದ ಗುಡ್ಡೆ, ಹಿಂದೆ ಹಸು, ಮುಂದೆ ಬೆಂಕಿ.

ಪಂಚೆ ಎತ್ತಿ ಹಾರಿದೆ.

ಇಂಥ ಹಾರಾಟ ನನ್ನ ಹಣೆಯಲ್ಲಿ ಬರೆದಿತ್ತು ಅಂತ ನನಗೇ ಗೊತ್ತಿರಲಿಲ್ಲ. ಆ ಕಡೆ ಬಿದ್ದಾಗ ಪಂಚೆಯ ಅಂಚು ಹೊಗೆಯಾಡುತ್ತಿತ್ತು. ರೈತ ಓಡಿ ಬಂದು ಒಂದು ಬಕೆಟ್ ತಣ್ಣೀರನ್ನು ನನ್ನ ಮೇಲೆ ಸುರಿದ. ಹಸು ಬೆಂಕಿಯ ಪಕ್ಕದಿಂದ ಸುತ್ತಿಕೊಂಡು ನಿಧಾನವಾಗಿ ನಡೆದು ಬಂದು, ನನ್ನ ಎದೆಯ ಮೇಲಿದ್ದ ಹಾರವನ್ನು ಶಾಂತವಾಗಿ ತಿನ್ನತೊಡಗಿತು.

ರೈತ ಟೋಪಿ ತೆಗೆದು ಕೈ ಕುಲುಕಿದ. "ಅದ್ಭುತ! ಹಸು ಹಾರುತ್ತದೆ ಅಂತ ನಾನು ತಪ್ಪು ತಿಳಿದಿದ್ದೆ. ಮನುಷ್ಯನೇ ಹಾರುವುದಾ?"

ಜನವರಿಯ ಗಾಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಆದರೂ ದೇಶದ ಮಾನದ ಪ್ರಶ್ನೆ. "ಹೌದು, ಮನೆಯ ಹಿರಿಯನೇ ಹಾರಬೇಕು" ಅಂದೆ.

ಆದರೆ ಅವನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ವಿಡಿಯೋ ಮಾಡಿದ್ದಳು. ಸಂಜೆಯೊಳಗೆ ಅದು ಊರೆಲ್ಲ ಸುತ್ತಿತು. ವೃದ್ಧಾಶ್ರಮದ ಮುದುಕ ಮುದುಕಿಯರು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರಂತೆ. ಡ್ಯೂಟಿಯಲ್ಲಿದ್ದ ನನ್ನ ಹೆಂಡತಿ ಅದನ್ನು ಅಳಿಸಿ ಹಾಕುತ್ತಾಳೆ ಅಂದುಕೊಂಡರೆ, ನೇರವಾಗಿ ನರಸೀಪುರಕ್ಕೇ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಅತ್ತೆಯವರ ಫೋನು. ನಾನು ಕಂಬಳಿ ಹೊದ್ದು ಕೂತಿದ್ದೆ. ಎತ್ತಿದವನೇ, ಅವರು ಬೈಯುವ ಮೊದಲು ನಾನೇ ಶುರು ಮಾಡಿದೆ. "ತಪ್ಪಾಯ್ತು ಅತ್ತೆ. ಎಷ್ಟು ಪ್ರಯತ್ನಪಟ್ಟರೂ ಹಸು ಕಿಚ್ಚು ಹಾಯಲಿಲ್ಲ. ಹಬ್ಬದ ಶಾಸ್ತ್ರ ಅರ್ಧಕ್ಕೇ ನಿಂತುಹೋಯ್ತು."

ಅತ್ತೆ ತುಂಬ ಸಮಾಧಾನದಿಂದ ಹೇಳಿದರು: "ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ಮನೇದು ಯಾವುದೋ ಒಂದು ಹಾಯ್ತಲ್ಲ, ಅಷ್ಟು ಸಾಕು."